ಅಡ್ಡಾಗುವುದು ಬೇರೆ, ಮಲಗುವುದು ಬೇರೆ

ಗಂಗಾವತಿಯಲ್ಲಿ ಯಾರ ಮನೆಯ ಮಹಡಿಯ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆನೋ, ಆ ಒಡತಿಯನ್ನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್. ಆ ವರ್ಷ ರಾತ್ರಿ ಪಾಳಿಯೇ ಹೆಚ್ಚು ಬೀಳುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಎರಡು ತುತ್ತು ಉಪ್ಪಿಟ್ಟು ತಿಂದು ಮಲಗಿದರೆ ಹತ್ತು ಹನ್ನೊಂದಕ್ಕೆಲ್ಲ ಬಾಗಿಲು ಬಡಿತ. ನೀರು ಬಂದಿದೆ, ಕರೆಂಟ್ ಬಿಲ್ಲಿನವನು ಬಂದಿದ್ದಾನೆ, ನಿನ್ನ ಸೀರೆ ಹಾರಿ ಕೆಳಗೆ ಬಿದ್ದಿದೆ. ಏನೂ ಇಲ್ಲದಿದ್ದರೆ ಉಪದೇಶ.

"ಬಿಸಿಲೇರಿದ್ರೂ ಹೆಣ್ಮಗಳು ಮಲ್ಕೊಂಡಿದ್ರ ಮನಿಗೆ ಛಲೋ ಅಲ್ಲ ನೋಡವಾ."

ನಿದ್ದೆಗೆಟ್ಟು ನನ್ನ ತಲೆ ಸದಾ ಧಿಮ್ಮೆನ್ನುತ್ತಿತ್ತು. ಒಮ್ಮೆ ಪಾಳಿಯಲ್ಲಿ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಚುಚ್ಚಲು ಹೋಗಿದ್ದೆ. ಆ ರೋಗಿಯೇ "ಇದು ನಂದಲ್ರಿ ಸಿಸ್ಟರ್" ಎಂದು ಕೈ ಎಳೆದುಕೊಂಡದ್ದರಿಂದ ಅವನ ಜೀವವೂ ನನ್ನ ನೌಕರಿಯೂ ಉಳಿದವು.

ಆಕೆಯೋ, ಮಧ್ಯಾಹ್ನ ಒಂದೂವರೆಗೆ ಉಂಡು, ಕದ ಮುಂದಕ್ಕೆ ಮಾಡಿಕೊಂಡು ಮಲಗಿದರೆ ನಾಲ್ಕರವರೆಗೆ ಇಡೀ ಮನೆ ಉಸಿರು ಬಿಗಿಹಿಡಿಯಬೇಕು. ನಾನು ನಲ್ಲಿ ತಿರುವಿದರೂ ಕೂಗು. ತಡೆಯಲಾರದೆ ಒಂದು ಸಲ ಕೇಳಿಯೇಬಿಟ್ಟೆ: "ನೀವು ಮಾತ್ರ ಹಗಲು ಮಲಗಬೌದೇನ್ರಿ ಅಮ್ಮಾ?"

"ನಾ ಎಲ್ಲಿ ಮಲಗ್ತೀನಿ? ಸ್ವಲ್ಪ ಅಡ್ಡಾಗ್ತೀನಿ, ಅಷ್ಟ."

ಆಕೆ ಎರಡೂವರೆ ತಾಸು ಗೊರಕೆ ಹೊಡೆದರೆ ಅಡ್ಡಾಗಿದ್ದು. ನಾನು ಒಂದು ತಾಸು ಕಣ್ಣು ಮುಚ್ಚಿದರೆ ನಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಸಮಯ ತಾನಾಗಿ ಬಂತು. ರಾತ್ರಿ ನಿದ್ದೆ ಹತ್ತುವುದಿಲ್ಲ, ಬಿಪಿ ಏರಿದೆ ಎಂದು ಆಕೆ ನಮ್ಮ ಆಸ್ಪತ್ರೆಗೇ ಬಂದಳು. ಆ ತಿಂಗಳು ನನಗೆ ಬೆಳಗಿನ ಪಾಳಿ, ಡಾಕ್ಟರ ಪಕ್ಕದಲ್ಲೇ ನಿಂತಿದ್ದೆ. ಹಗಲು ಮಲಗುತ್ತೀರಾ ಎಂದು ಅವರು ಕೇಳಿದರು.

"ಇಲ್ರಿ ಸಾಹೇಬ್ರ, ಸ್ವಲ್ಪ ಅಡ್ಡಾಗ್ತೀನಿ."

ಅವರು ನಿದ್ದೆಯ ಗುಳಿಗೆ ಬರೆಯಲು ಹೊರಟಿದ್ದರು. ನಾನು ಬಾಯಿಬಿಟ್ಟೆ. "ಸರ್, ಒಂದೂವರಿಗೆ ಅಡ್ಡಾದ್ರ ನಾಕಕ್ಕ ಏಳೋದು. ಗೊರಕಿ ಮ್ಯಾಲಿನ ಖೋಲಿಗೆ ಕೇಳ್ತೈತಿ."

ಆಕೆ ನನ್ನನ್ನು ನುಂಗುವಂತೆ ನೋಡಿದಳು. ಡಾಕ್ಟರು ಬಿಪಿ ಗುಳಿಗೆಯಷ್ಟೇ ಬರೆದರು. "ನಿದ್ದಿ ಗುಳಿಗಿ ಬ್ಯಾಡ. ಮಧ್ಯಾಹ್ನ ಅರ್ಧ ತಾಸು ಸಾಕು. ಸಿಸ್ಟರ್, ನೀವು ಅಲ್ಲೇ ಇರ್ತೀರಲ್ಲ, ಎಬ್ಬಸ್ರಿ."

ಇಷ್ಟು ಸಿಹಿಯಾದ ಹುಕುಂ ನನಗೆ ಎಂದೂ ಸಿಕ್ಕಿರಲಿಲ್ಲ. ಎರಡಕ್ಕೆ ಮನೆ ಮುಟ್ಟಿ, ಉಣ್ಣುವ ಮೊದಲು ಅದೇ ಕೆಲಸ. ಮೆಲ್ಲಗೆ ಕರೆದಿದ್ದರೆ ಸಾಕಿತ್ತು. ನಾನು ಚಿಲಕ ಬಡಿಯುತ್ತಿದ್ದೆ. "ಏಳ್ರೀ ಅಮ್ಮಾ, ಅರ್ಧ ತಾಸಾತು!" ಆಕೆಯ ಕೆದರಿದ ಕೂದಲು, ಕೆಂಗಣ್ಣು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಕೆಲವು ದಿನ ಐದು ನಿಮಿಷ ಮೊದಲೇ ಎಬ್ಬಿಸಿದ್ದೂ ಉಂಟು. ಅದಕ್ಕೂ ನನಗೆ ಪಶ್ಚಾತ್ತಾಪವಿಲ್ಲ.

ಮೂರು ವಾರದಲ್ಲಿ ಆಕೆಗೆ ರಾತ್ರಿ ಗಡದ್ದಾಗಿ ನಿದ್ದೆ ಬರತೊಡಗಿತು. ಬಿಪಿಯೂ ಇಳಿಯಿತು, ಪಟ್ಟಿ ಕಟ್ಟಿ ನೋಡಿದವಳು ನಾನೇ. ಓಣಿಯ ತುಂಬ ನನ್ನ ಹೊಗಳಿಕೆ: "ಹೆತ್ತ ಮಗಳೂ ಇಷ್ಟು ಮಾಡಂಗಿಲ್ರಿ." ಸೇಡು ತೀರಿಸಿಕೊಳ್ಳಲು ಹೋಗಿ ಸೇವೆ ಮಾಡಿ ಬಂದಿದ್ದೆ. ಸಿಟ್ಟಿಗೆ ಅನ್ನ ಸೇರಲಿಲ್ಲ.

ಮರುತಿಂಗಳು ಮತ್ತೆ ರಾತ್ರಿ ಪಾಳಿ. ಒಂಬತ್ತಕ್ಕೆ ಬಂದು ಕಣ್ಣು ಮುಚ್ಚಿದ್ದೆ. ಒಂಬತ್ತೂವರೆಗೆ ಚಿಲಕ ಧಡಧಡ ಎಂದಿತು. ಎದ್ದು ತೆಗೆದರೆ, ಚಹಾದ ಕಪ್ಪು ಹಿಡಿದು, ಮುಖದ ತುಂಬ ಕಳೆ ತುಂಬಿಕೊಂಡು ಆಕೆ.

"ಏಳವಾ, ಅರ್ಧ ತಾಸಾತು. ಹಗಲು ಅದಕ್ಕಿಂತ ಹೆಚ್ಚು ಮಲಗಬಾರ್ದು, ಡಾಕ್ಟ್ರ ಹೇಳ್ಯಾರ. ನೀ ನನಗ ಮಾಡಿದ್ದು ಮರೀತೀನೇನು? ಇನ್ನ ದಿನಾ ನಾನ ಬಂದು ಎಬ್ಬಸ್ತೀನಿ."