ನಮ್ಮನೆ ಅತ್ತೆ, ಅವರ ಮನೆ ಕಾರ್ಡು

ಬಚ್ಚಲ ಕಲ್ಲಿನ ಮೇಲೆ ಅತ್ತೆ ಜಾರಿ ಬಿದ್ದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಎತ್ತಲು ನೋಡಿದರೆ ಬಲಗಾಲು ಅಲುಗಾಡಲೇ ಇಲ್ಲ.

ಕಾರಟಗಿಯಿಂದ ಕೊಪ್ಪಳದವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ. ಹಂಪ್ ಬಂದಾಗಲೆಲ್ಲ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿಯುತ್ತಿದ್ದರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಕ್ಸ್‌ರೇ ನೋಡಿದ ಡಾಕ್ಟರು ಸೊಂಟದ ಕೀಲು ಮುರಿದಿದೆ, ಆಪರೇಷನ್ ಮಾಡಿ ಹೊಸದು ಹಾಕಬೇಕು ಎಂದರು. ನಮ್ಮ ಮನೆಯವರು ಹಣ ಕಟ್ಟಲು ಕೌಂಟರಿಗೆ ಹೋದರು. ಅಲ್ಲಿದ್ದ ಹುಡುಗಿ ಕೇಳಿದ ಮೊದಲ ಪ್ರಶ್ನೆ, ಅಜ್ಜಿಯ ಹೆಸರು ಯಾವ ರೇಷನ್ ಕಾರ್ಡಿನಲ್ಲಿದೆ ಎಂದು.

ಇಲ್ಲಿ ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು.

ಅಣ್ಣತಮ್ಮಂದಿರು ಬೇರೆಯಾದಾಗ ಅತ್ತೆ ನಮ್ಮ ಜೊತೆ ಬಂದರು. ನಮ್ಮದು ಹಾರ್ಡ್‌ವೇರ್ ಅಂಗಡಿ, ವರ್ಷಾ ವರ್ಷ ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತೇವೆ, ಹಾಗಾಗಿ ಎಪಿಎಲ್. ಹನುಮಸಾಗರದಲ್ಲಿರುವ ಮೈದುನ ಶರಣಪ್ಪನದು ಬಿಪಿಎಲ್.

ಅದರಲ್ಲಿ ತಲೆ ಲೆಕ್ಕದಲ್ಲಿ ಅಕ್ಕಿ ಬರುತ್ತದಲ್ಲ... ಅವ್ವನ ಹೆಸರು ತಮ್ಮನ ಕಾರ್ಡಿನಲ್ಲೇ ಇರಲಿ ಎಂದು ನಾವೇ ದೊಡ್ಡ ಮನಸ್ಸು ಮಾಡಿದ್ದೆವು. ನಮ್ಮ ಕಡೆ ಸುಮಾರು ಮನೆಗಳಲ್ಲಿ ಹೀಗೇ. ಅವ್ವ ಉಣ್ಣುವುದು ಒಬ್ಬ ಮಗನ ಮನೆಯಲ್ಲಿ, ಅವ್ವನ ಅಕ್ಕಿ ಹೋಗುವುದು ಇನ್ನೊಬ್ಬನ ಮನೆಗೆ.

ಆ ಕಾರ್ಡ್ ತಂದರೆ ಆಪರೇಷನ್ ಪೂರ್ತಿ ಫ್ರೀ ಎಂದಳು ಹುಡುಗಿ. ನಮ್ಮಂಥವರ ಕಾರ್ಡಿಗೆ ಏನೋ ಸ್ವಲ್ಪ ರಿಯಾಯಿತಿ, ಅಷ್ಟೇ.

ನಾನು ಮನೆಯವರನ್ನು ಪಕ್ಕಕ್ಕೆ ಎಳೆದು, ನಾವೇ ಕಟ್ಟೋಣ, ಯಾರ ಹಂಗೂ ಬೇಡ ಎಂದೆ. ಅವರಿಗೆ ಸಿಟ್ಟು ಬಂತು. ಟ್ಯಾಕ್ಸ್ ಕಟ್ಟುವಾಗ ಸರ್ಕಾರ ನಮಗೇನು ಕೊಟ್ಟಿದೆ ಎಂದು ಬೈಯುವವಳೂ ನೀನೇ, ಈಗ ಕೊಡುತ್ತೇನೆ ಅಂದರೆ ಬೇಡ ಅನ್ನುವವಳೂ ನೀನೇ ಎಂದರು.

ಸ್ಟ್ರೆಚರ್ ಮೇಲಿದ್ದ ಅತ್ತೆಯೇ ತೀರ್ಪು ಕೊಟ್ಟರು. "ಶರಣಪ್ಪಗ ಫೋನ್ ಹಚ್ಚು."

ಶರಣಪ್ಪ ಮತ್ತು ಅವನ ಹೆಂಡತಿ ನಿಂಗಮ್ಮ ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಬಂದರು. ಕಾರ್ಡ್ ಹಿಡಿದವರೇ ಪೇಷಂಟ್ ಕಡೆಯವರು ಎಂದು ಅವರನ್ನು ಒಳಗೆ ಕರೆದರು. ನಾನು ಫ್ಲಾಸ್ಕ್ ಹಿಡಿದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ.

ಆಪರೇಷನ್ ಚೆನ್ನಾಗಿ ಆಯಿತು. ದೇವರಿಗೆ ಕೈ ಮುಗಿದೆ, ಅದು ಸುಳ್ಳಲ್ಲ.

ಆದರೆ ನೋಡಲು ಬಂದ ಬೀಗರು, ನೆಂಟರು ಎಲ್ಲರಿಗೂ ಅತ್ತೆಯದು ಒಂದೇ ಮಾತು. "ಸಣ್ಣಾವ ಕಾರ್ಡ್ ತಂದ, ಸರ್ಕಾರದವರು ಮಾಡ್ಯಾರ. ಅವರ ಹೊಟ್ಟಿ ತಣ್ಣಗಿರ್ಲಿ."

ಗಂಜಿ ಮಾಡಿ ತಂದವಳು ನಾನು. ಮಂಚದ ತಲೆಯ ಕಡೆ ಕೂತು ಕುಡಿಸಿದವಳು ನಿಂಗಮ್ಮ. ನನಗೆ ಹೊಟ್ಟೆ ಉರಿಯಿತು... ಮುಚ್ಚಿಡುವುದೇನು, ಚೆನ್ನಾಗಿಯೇ ಉರಿಯಿತು.

ಪಕ್ಕದ ಮಂಚದಲ್ಲಿ ಗಂಗಾವತಿಯ ಖೈರುನ್ ಎಂಬ ಹೆಂಗಸು, ಅವಳದು ಮೊಣಕಾಲಿನ ಆಪರೇಷನ್, ಅದೂ ಕಾರ್ಡಿನ ಮೇಲೆ ಫ್ರೀ. ಒಂದು ಸಂಜೆ ವಾರ್ಡಿನಲ್ಲಿ ಇದೇ ಚರ್ಚೆ ಎದ್ದಿತು. ಎಲ್ಲ ಪುಕ್ಕಟೆ ಕೊಡುತ್ತಾ ಹೋದರೆ ರಸ್ತೆಗೆ, ಸಾಲೆಗೆ ದುಡ್ಡು ಎಲ್ಲಿಂದ ಬರಬೇಕು ಎಂದು ನಮ್ಮ ಮನೆಯವರು ಶುರು ಮಾಡಿದರು. ಕಾಲು ಮುರಿಯುವಾಗ ಎಪಿಎಲ್ಲೋ ಬಿಪಿಎಲ್ಲೋ ಎಂದು ಕೇಳಿ ಮುರಿಯುತ್ತದೆಯೇ, ಎಲ್ಲರಿಗೂ ಕೊಟ್ಟುಬಿಡಲಿ ಎಂದಳು ಖೈರುನ್.

ಇದ್ದವರು ಕಟ್ಟಲಿ ಬಿಡಕ್ಕ, ಇಲ್ಲದವರಿಗೆ ಸರ್ಕಾರ ನೋಡಲಿ ಎಂದು ನಿಂಗಮ್ಮ ಮೆಲ್ಲಗೆ ಅಂದಳು.

ಅಷ್ಟು ಸಾಕಾಯಿತು ನನಗೆ. "ಇದು ಆಗಿದ್ದು ನಮ್ಮ ಟ್ಯಾಕ್ಸಿನ್ಯಾಗ. ಅತ್ತಿ ಸೊಂಟದಾಗಿನ ಕೀಲು ನಮ್ಮ ರೊಕ್ಕದ್ದು" ಎಂದುಬಿಟ್ಟೆ.

ನಾವೂ ಸಾಬೂನು, ಬಿಸ್ಕೀಟು ಕೊಳ್ಳುತ್ತೇವೆ, ಅದರಲ್ಲೂ ಟ್ಯಾಕ್ಸ್ ಇರುತ್ತದೆ ಎಂದಳು ನಿಂಗಮ್ಮ. ಅವಳು ಹೇಳಿದ್ದು ಸರಿ ಇತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಅತ್ತೆ ಕಣ್ಣು ಮುಚ್ಚಿಕೊಂಡೇ ಮಾತಾಡಿದರು. "ಹಂಗಂದ್ರ ಖೈರುನ್ ಕಾಲನೂ ನೀನ ಮಾಡಿಸಿದಂಗಾತು. ನಾಳಿಂದ ಆಕೀಗೂ ಗಂಜಿ ತಗೊಂಬಾ."

ವಾರ್ಡಿಗೆ ವಾರ್ಡೇ ನಕ್ಕಿತು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು. ಮರುದಿನ ಎರಡು ಡಬ್ಬಿ ಗಂಜಿ ಒಯ್ದೆ.

ಡಿಸ್ಚಾರ್ಜ್ ದಿನ ಇನ್ನೊಂದು ಪೆಟ್ಟು. ಪದೇಪದೇ ತೋರಿಸಲು ಬರುವಾಗ ಕಾರ್ಡ್ ಬೇಕಾಗುತ್ತದೆ, ಅವ್ವ ನಮ್ಮಲ್ಲೇ ಇರಲಿ ಎಂದ ಶರಣಪ್ಪ. ಅತ್ತೆ ಆಗಲಿ ಎಂದರು. ನಮ್ಮವರೂ ತಲೆ ಆಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ಗಾಡಿ ಹತ್ತುವಾಗ ನೋವಾಗಿ ಅತ್ತೆ ಪಕ್ಕದಲ್ಲಿದ್ದವರ ಕೈ ಗಟ್ಟಿಯಾಗಿ ಹಿಡಿದರು. ಅದು ನಿಂಗಮ್ಮನ ಕೈ.

ನನಗೆ ಆರಾಮಾಗಬೇಕಿತ್ತು ನೋಡಿ. ಬಿಸಿನೀರು ಕಾಯಿಸಬೇಕಿಲ್ಲ, ಮಾತ್ರೆ ನೆನಪಿಸಬೇಕಿಲ್ಲ, ನಿನ್ನ ರೊಟ್ಟಿ ದಪ್ಪ ಎಂದು ಯಾರೂ ಅನ್ನುವುದಿಲ್ಲ. ಆದರೂ ಬೆಳಿಗ್ಗೆ ಚಹಾಕ್ಕೆ ಒಂದು ಲೋಟ ನೀರು ಹೆಚ್ಚಿಗೇ ಇಡುತ್ತೇನೆ.

ನಿನ್ನೆ ಫೋನಿನಲ್ಲಿ ಊಟ ಆಯಿತೇ ಎಂದು ಕೇಳಿದೆ. ಆಯಿತು, ನಿಂಗಮ್ಮನ ರೊಟ್ಟಿ ಭಾಳ ತೆಳ್ಳಗೆ ಬರುತ್ತವೆ ಎಂದರು!

ಫೋನ್ ಇಟ್ಟವಳೇ ನಮ್ಮವರಿಗೆ ಹೇಳಿದೆ, ಅತ್ತೆಯ ಹೆಸರು ಅಲ್ಲಿಂದ ತೆಗೆಸಿ ನಮ್ಮ ಕಾರ್ಡಿಗೆ ಹಾಕಿಸಿ ಎಂದು. ಅವರು ನನ್ನ ಮುಖವನ್ನೇ ನೋಡಿದರು.

"ತಲಿ ಕೆಟ್ಟೈತೇನು ನಿನಗ? ಮತ್ತೊಮ್ಮಿ ಬಿದ್ರ ಎಲ್ಲಾ ನಾವ ಕಟ್ಟಬೇಕಾಗತೈತಿ."

"ನಾ ಬೀಳಾಕ ಬಿಡಂಗಿಲ್ಲ" ಎಂದೆ.

ಅವರು ಇನ್ನೂ ಹೂಂ ಅಂದಿಲ್ಲ. ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ ಯಾವುದನ್ನು ಬಿಡುತ್ತಿದ್ದಿರಿ... ಫ್ರೀ ಆಸ್ಪತ್ರೆಯನ್ನೋ, ಅತ್ತೆಯನ್ನೋ?