ಮೊದಲ ಗೇರಿನ ಗಾಡಿ

ಕೊಟ್ಟೂರಿನಲ್ಲಿ ಪಂಚಾಕ್ಷರಪ್ಪನವರ ಮನೆ ಎಲ್ಲಿ ಅಂತ ಕೇಳಿದರೆ ಯಾರೂ ಅವರ ಕಿರಾಣಿ ಅಂಗಡಿಯ ಗುರುತು ಹೇಳುವುದಿಲ್ಲ. ಮೆರವಣಿಗೆ ಗಾಡಿ ನಿಲ್ಲುವ ಮನೆ ಅನ್ನುತ್ತಾರೆ. ಅವರ ಹೊಟ್ಟೆ ಹೊರೆದದ್ದು ಅಂಗಡಿ, ಹೆಸರು ಮಾತ್ರ ಗಾಡಿಗೆ ಹೋಯಿತು. ಈ ಅನ್ಯಾಯಕ್ಕೆ ಅವರಿಗಿಂತ ನನಗೇ ಹೆಚ್ಚು ಸಿಟ್ಟು. ಅವರಿಗೆ ಸಿಟ್ಟು ಬರುವುದೇ ಅಪರೂಪ, ಅದೇ ಅವರ ದೊಡ್ಡ ರೋಗ.

ಗಾಡಿ ಅಂದರೆ ಹೆರಾಲ್ಡ್ ಕಾರು. ಕೆನೆ ಬಣ್ಣ, ಎರಡೇ ಬಾಗಿಲು, ಹಿಂದಕ್ಕೆ ಮಡಚಿಡುವ ಬಟ್ಟೆಯ ಟಾಪು. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಗುಂತಕಲ್ಲಿನ ರೈಲ್ವೆ ಅಧಿಕಾರಿಯೊಬ್ಬರು ಊರು ಬಿಡುವಾಗ, ಮಗನ ಹಟ ತಾಳಲಾರದೆ ಪಂಚಾಕ್ಷರಪ್ಪನವರ ತಂದೆ ಇದನ್ನು ಕೊಂಡರು. ಸಾಹೇಬರ ಡ್ರೈವರೇ ತಂದು ಅಂಗಡಿಯ ಮುಂದೆ ನಿಲ್ಲಿಸಿ ಹೋದ. ಊರು ಅದನ್ನು ಸ್ಪೋರ್ಟ್ಸ್ ಕಾರು ಎಂದು ಕರೆಯಿತು. ಆಗ ಪಂಚಾಕ್ಷರಪ್ಪನವರಿಗೆ ಮೀಸೆ ಚಿಗುರುವ ವಯಸ್ಸು. ಟಾಪು ತೆಗೆದು, ಕೂದಲು ಹಾರಿಸಿಕೊಂಡು, ಹೊಸಪೇಟೆ ರಸ್ತೆಯಲ್ಲಿ ಒಂದೇ ಉಸಿರಿಗೆ ಓಡಿಸಬೇಕು ಅನ್ನುವುದೊಂದೇ ಅವರ ಆಸೆಯಾಗಿತ್ತು.

ಗಾಡಿ ಬಂದ ವಾರವೇ ಸೋದರಮಾವನ ಮಗಳ ಮದುವೆ ಬಂತು. ಮೇಲೆ ಮುಚ್ಚಿಗೆಯಿಲ್ಲದ ಗಾಡಿ, ಮದುಮಕ್ಕಳು ಓಣಿಗೆಲ್ಲ ಕಾಣುತ್ತಾರೆ, ಮೆರವಣಿಗೆಗೆ ಕೊಡು ಅಂದರು. ಕೊಟ್ಟರು. ಹಿಂದಿನ ಸೀಟಿನ ಮೇಲೆ, ಮಡಚಿದ ಟಾಪಿಗೆ ಜಮಖಾನೆ ಹಾಸಿ ಮದುಮಕ್ಕಳನ್ನು ಕೂರಿಸಿದರು. ಹೆಂಗಸರೆಲ್ಲ ಬಾಯಿ ಬಿಟ್ಟು ನೋಡಿದರು. ಮುಂದಿನ ಸೋಮವಾರ ಕೂಡ್ಲಿಗಿಯಿಂದ ಒಬ್ಬರು, ಅದರ ಮುಂದೆ ಹರಪನಹಳ್ಳಿಯಿಂದ ಇನ್ನೊಬ್ಬರು. ಇಲ್ಲ ಅನ್ನುವ ಮಾತಿಗೆ ಪಂಚಾಕ್ಷರಪ್ಪನವರ ನಾಲಿಗೆ ಹೊರಳುತ್ತಿರಲಿಲ್ಲ. ಬಾಡಿಗೆಯನ್ನೂ ಅವರು ಕೇಳಲಿಲ್ಲ. ಪೆಟ್ರೋಲು, ಒಂದು ಟವೆಲ್, ತೆಂಗಿನಕಾಯಿ, ಎಲೆಅಡಿಕೆ, ಅಷ್ಟೇ.

ನಾನು ಓಬಣ್ಣ, ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ಮುಂದಿನ ಹಲ್ಲು ಬಿದ್ದ ಮೇಲೆ ಬಿಟ್ಟೆ. ಮೆರವಣಿಗೆಯಲ್ಲಿ ನಾವು ಮುಂದೆ, ನಮ್ಮ ಬೆನ್ನಿಗೆ ಆ ಗಾಡಿ. ಅದರ ರೇಡಿಯೇಟರಿನ ಬಿಸಿ ನನ್ನ ಬೆನ್ನಿಗೆ ಬಿದ್ದಷ್ಟು ಹೆಂಡತಿಯ ಕೈಯೂ ಬಿದ್ದಿಲ್ಲ. ನಡೆಯುವ ವೇಗದಲ್ಲಿ ಮೊದಲ ಗೇರು, ಮನೆಮನೆಗೂ ನಿಲ್ಲುವುದು, ಆರತಿ, ಚಕ್ರಕ್ಕೆ ನೀರು, ಮತ್ತೆ ಮೊದಲ ಗೇರು. ತಾಸಿಗೊಮ್ಮೆ ನೀರು ಕುದಿದು ಗಾಡಿ ಬುಸುಗುಡುತ್ತಿತ್ತು. ಯಾರಾದರೂ ಕೊಡದಲ್ಲಿ ನೀರು ತರುವವರೆಗೆ ನಾವು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದೆವು. ಮದುಮಗನಿಗೆ ಬೇಸರ, ನಮಗೆ ಸುಖ.

ಹೊರಗಿನ ಊರಿಗೆ ಕರೆದರೆ ಗಾಡಿ ಓಡಿಸಿಕೊಂಡು ಹೋಗುತ್ತಿರಲಿಲ್ಲ. ದಾರಿಯಲ್ಲಿ ಕೆಟ್ಟರೆ ಮದುವೆ ಕೆಡುತ್ತದಲ್ಲ. ಲಾರಿಯಲ್ಲಿ ಹುಲ್ಲು ಹಾಸಿ, ಹಗ್ಗ ಬಿಗಿದು, ಎಮ್ಮೆ ಸಾಗಿಸಿದ ಹಾಗೆ ಸಾಗಿಸುತ್ತಿದ್ದರು. ಬಿಡುವಿನ ದಿನ ಓಡಿಸೋಣ ಅಂದರೆ ನಾಳೆ ಯಾರದೋ ಮದುವೆ ಇರುತ್ತಿತ್ತು. ಆಷಾಢದಲ್ಲಿ ಮದುವೆ ಇಲ್ಲ, ಆದರೆ ಆಗ ಗಾಡಿ ಬಿಚ್ಚಿ ಗ್ಯಾರೇಜಿನಲ್ಲಿ ಬಿದ್ದಿರುತ್ತಿತ್ತು. ಹೀಗೆ ಮುಂದಿನ ವರ್ಷ, ಮುಂದಿನ ವರ್ಷ ಅನ್ನುತ್ತ ಪಂಚಾಕ್ಷರಪ್ಪನವರ ತಲೆ ಬೆಳ್ಳಗಾಯಿತು. ಹೊಸಪೇಟೆ ರಸ್ತೆಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಈಚೆಗೆ ಕಾಲ ಬದಲಾಯಿತು. ಮದುವೆಗಳು ಕಲ್ಯಾಣ ಮಂಟಪದೊಳಗೆ ಸೇರಿಕೊಂಡವು. ಮೆರವಣಿಗೆ ಬೇಕೆಂದವರು ದಾವಣಗೆರೆಯಿಂದ ಬಣ್ಣದ ದೀಪದ ದೊಡ್ಡ ಗಾಡಿ ತರಿಸುತ್ತಾರೆ, ಅದರ ಡಿಜೆ ಸದ್ದಿಗೆ ನನ್ನ ಎದೆ ನಡುಗುತ್ತದೆ. ಹೆರಾಲ್ಡು ಈಗ ಬರೀ ಫೋಟೋಕ್ಕೆ. ಮದುವೆಗೆ ಮುಂಚೆಯೇ ಹುಡುಗ ಹುಡುಗಿ ಉಜ್ಜಿನಿ ಗುಡಿಯ ಹತ್ತಿರವೋ, ಉಚ್ಚಂಗಿದುರ್ಗದ ಬೆಟ್ಟದ ಕೆಳಗೋ ಅದಕ್ಕೆ ಒರಗಿ ನಿಲ್ಲುತ್ತಾರೆ. ಅಲ್ಲಿಗೂ ಅದು ಹೋಗುವುದು ಲಾರಿಯಲ್ಲೇ. ಪಂಚಾಕ್ಷರಪ್ಪನವರು ಫೋಟೋದಲ್ಲಿ ಬೀಳದಂತೆ ದೂರ ಸರಿದು ಬಿಸಿಲಲ್ಲಿ ನಿಲ್ಲಬೇಕು. ಒಮ್ಮೆ ಕ್ಯಾಮೆರಾದವನು ಅವರಿಗೆ, "ಅಜ್ಜಾರ, ಆ ಕಡಿ ಹೋಗ್ರಿ, ನೆಳ್ಳು ಬೀಳಕತ್ತೈತಿ," ಅಂದ. ಅವರು ಹೋದರು. ನಾನಾಗಿದ್ದರೆ ಗಾಡಿ ಲಾರಿಗೆ ಹತ್ತಿಸಿಕೊಂಡು ಮನೆಗೆ ಬರುತ್ತಿದ್ದೆ.

ಅಷ್ಟೊತ್ತಿಗೆ ಅವರ ಎಡ ಮೊಣಕಾಲು ಹೋಗಿತ್ತು. ವರ್ಷಗಟ್ಟಲೆ ಕ್ಲಚ್ ಒತ್ತಿ ಹಿಡಿದ ಕಾಲು ಅದು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ಗಾಡಿ ಮಾರಿಬಿಡುವುದೇ ವಾಸಿ ಅಂತ ಒಂದು ಸಂಜೆ ಅಂಗಡಿಯಲ್ಲಿ ಬಾಯಿ ತಪ್ಪಿ ಅಂದರು ನೋಡಿ, ಮಾರನೆಯ ದಿನವೇ ಓಣಿಯ ಹಿರಿಯರು ಬಂದು ಕೂತರು.

"ಮಾರಬ್ಯಾಡ್ರಿ ಪಂಚಾಕ್ಷರಪ್ಪನೋರ. ಅದು ನಿಮ್ಮ ಗಾಡಿ ಅಲ್ಲ, ಊರಿನ ಗಾಡಿ," ಅಂದರು ಒಬ್ಬರು.

"ಆ ಗಾಡ್ಯಾಗ ಮೆರವಣಿಗಿ ಆದೋರು ಒಬ್ಬರೂ ಬ್ಯಾರಿ ಆಗಿಲ್ರಿ. ಅದನ್ನ ಊರಾಚಿ ಕಳಿಸಿದ್ರ ಚಲೋ ಆಗಂಗಿಲ್ಲ," ಅಂದರು ಇನ್ನೊಬ್ಬರು.

ಮೂರನೆಯವರು ತಮ್ಮ ಮದುವೆಯ ಕಥೆ ಶುರು ಮಾಡಿದರು. ಅದನ್ನು ಪಂಚಾಕ್ಷರಪ್ಪನವರು ಎಷ್ಟು ಸಲ ಕೇಳಿದ್ದರೋ ಶಿವನಿಗೇ ಗೊತ್ತು. ತಲೆ ಆಡಿಸುತ್ತ ಮತ್ತೆ ಕೇಳಿದರು. ಇವರಲ್ಲಿ ಒಬ್ಬರೂ ಈಚೆಗೆ ತಮ್ಮ ಮಕ್ಕಳ ಮದುವೆಗೆ ಆ ಗಾಡಿ ಕರೆದಿರಲಿಲ್ಲ. ನನಗೆ ಮೈ ಉರಿಯಿತು, ಹೇಳಿಯೂ ಬಿಟ್ಟೆ. "ಏ ಓಬಣ್ಣ, ನೀ ಸುಮ್ಕಿರಲೇ," ಅಂತ ಹಿರಿಯರು ನನ್ನನ್ನೇ ಗದರಿದರು.

ಅವರೆಲ್ಲ ಚಹಾ ಕುಡಿದು ಎದ್ದುಹೋದ ಮೇಲೆ ಪಂಚಾಕ್ಷರಪ್ಪನವರು ಗಲ್ಲಾಪೆಟ್ಟಿಗೆಗೆ ಒರಗಿ ಕಣ್ಣು ಮುಚ್ಚಿದರು.

"ನಂಗ ಸಾಕಾಗೈತಿ ಓಬಣ್ಣ. ಗಾಡಿ ಮ್ಯಾಲಿನ ಪ್ರೀತಿ ಹೋಗಿಲ್ಲ. ಮುಂಜಾನಿ ಎದ್ದು ಅದರ ಮ್ಯಾಲಿನ ಧೂಳ ಒರಸದಿದ್ರ ಚಹಾ ಒಳಗ ಇಳಿಯಂಗಿಲ್ಲ. ಆದ್ರ ಎಲ್ಲರೂ ತಮ್ಮ ಪ್ರೀತಿ ತಂದು ನನ್ನ ಹೆಗಲ ಮ್ಯಾಲೆ ಇಟ್ಟು ಹೋಗ್ತಾರ. ಹೊರಾಕ ನಾನೊಬ್ಬನ."

"ಮಾರಿಬಿಡ್ರಿ ಮತ್ತ ಸಾವ್ಕಾರ್ರ," ಅಂದೆ.

"ಮಾರಿದ್ರ ನಾ ಯಾರು ಅಂತ ಹೇಳಲೇ? ಅಕ್ಕಿ ತೂಗೋ ಪಂಚಾಕ್ಷರಿನಾ?"

ಹೆಂಡತಿ ಕೊಟ್ರಬಸಮ್ಮ ಒಳಗಿನಿಂದ ಎಣ್ಣೆಯ ಬಟ್ಟಲು ತಂದು, ಗಂಡನ ಪಂಚೆ ಸರಿಸಿ, ಮೊಣಕಾಲಿಗೆ ಹಚ್ಚತೊಡಗಿದರು. "ಮಾರ್ರಿ ಅಂತ ನಾ ಹೇಳಂಗಿಲ್ಲ. ಇಟಗೊಳ್ರಿ ಅಂತನೂ ಹೇಳಂಗಿಲ್ಲ. ನಾಳಿ ನನ್ನಿಂದ ಹೋತು, ನನ್ನಿಂದ ಉಳೀತು ಅನ್ನೋ ಮಾತು ನಂಗ ಬ್ಯಾಡ," ಅಂದರು. ಆಕೆಯೂ ದಣಿದಿದ್ದರು.

ಇದಾದ ಹದಿನೈದು ದಿನಕ್ಕೆ, ಗಾಡಿ ಮಾರುವ ಮಾತು ಕಿವಿಗೆ ಬಿದ್ದು, ಹಗರಿಬೊಮ್ಮನಹಳ್ಳಿಯಿಂದ ಕ್ರಾಂತಿ ಬಂದಳು. ಅಪ್ಪನ ಜೊತೆ ಟೈರ್ ಅಂಗಡಿ ನಡೆಸುವ ಹೆಣ್ಣುಮಗಳು, ಮೂವತ್ತರ ಆಸುಪಾಸು, ಉಗುರಿನಲ್ಲಿ ಗ್ರೀಸು. ಹಳೆಯ ಗಾಡಿ ಕೊಂಡು, ತಾನೇ ರಿಪೇರಿ ಮಾಡಿ ಓಡಿಸುವ ಹುಚ್ಚಂತೆ. ಅವಳು ಗಾಡಿಯ ಸುತ್ತ ಒಂದು ಸುತ್ತು ಬಂದಳು. ನಮ್ಮ ಅಪ್ಪ ಅವ್ವನ ಮೆರವಣಿಗೆ ಇದರಲ್ಲೇ ಆಗಿತ್ತು ಅಂತ ಇವಳೂ ಶುರು ಮಾಡುತ್ತಾಳೆ ಅಂದುಕೊಂಡೆ. ಅವಳು ನೇರವಾಗಿ ಬಾನೆಟ್ ಎತ್ತಿ ಒಳಗೆ ಬಗ್ಗಿದಳು.

"ಎಂಜಿನ್ ಗಟ್ಟಿ ಐತ್ರಿ ಯಜಮಾನ್ರ. ಕ್ಲಚ್ ಪ್ಲೇಟ್ ಮಾತ್ರ ಭಾಳ ಸಲ ಬದಲಿ ಮಾಡ್ಸೀರಿ ಅನಸ್ತೈತಿ."

"ಹೂನವ್ವಾ," ಅಂದರು ಪಂಚಾಕ್ಷರಪ್ಪನವರು.

"ಮೂರನೇ ಗೇರು, ನಾಕನೇ ಗೇರು ಹೆಂಗ ಬೀಳ್ತಾವ್ರಿ?"

ಪಂಚಾಕ್ಷರಪ್ಪನವರು ಹೆಗಲಿನ ಟವೆಲ್ ತೆಗೆದು ಬಾಗಿಲಿನ ಧೂಳು ಒರಸತೊಡಗಿದರು. ಅವರಿಗೆ ಗೊತ್ತಿರಲಿಲ್ಲ. ಕ್ರಾಂತಿಗೆ ಅದು ತಿಳಿಯಲಿಲ್ಲ, ನನಗೆ ತಿಳಿಯಿತು. ಅವರ ಮುಖ ನೋಡಲಾಗದೆ ನಾನು ಟೈರು ನೋಡುತ್ತ ನಿಂತೆ.

ಒಮ್ಮೆ ಓಡಿಸಿ ನೋಡೋಣ ಅಂದಳು. ಟಾಪು ಮಡಚಿ, ಉಜ್ಜಿನಿ ರಸ್ತೆ ಹಿಡಿದೆವು. ಸ್ಟೇರಿಂಗಿಗೆ ಕ್ರಾಂತಿ, ಎಡಗಡೆಯ ಸೀಟಿನಲ್ಲಿ ಪಂಚಾಕ್ಷರಪ್ಪನವರು, ಹಿಂದೆ ನಾನು. ಜೀವಮಾನವೆಲ್ಲ ಆ ಗಾಡಿಯ ಮುಂದೆ ನಡೆದ ನಾನು ಅದರೊಳಗೆ ಕೂತದ್ದು ಅವತ್ತೇ ಮೊದಲು. ಊರು ದಾಟುವವರೆಗೆ ಎಂಜಿನ್ನು ಎಂದಿನಂತೆ ಗೊಣಗುತ್ತಿತ್ತು. ಮೆಕ್ಕೆಜೋಳದ ಹೊಲಗಳು ಶುರುವಾದ ಮೇಲೆ ಕ್ರಾಂತಿ ಮೂರಕ್ಕೆ ಹಾಕಿದಳು, ಆಮೇಲೆ ನಾಲ್ಕಕ್ಕೆ. ಗೊಣಗು ನಿಂತುಹೋಯಿತು. ಆ ಎಂಜಿನ್ನಿನ ಒಂದೊಂದು ಕೆಮ್ಮೂ ನನಗೆ ಗೊತ್ತು, ಅಂಥ ಹಗುರಾದ ಸದ್ದು ನಾನು ಕೇಳಿರಲೇ ಇಲ್ಲ. ಗಾಳಿ ಮುಖಕ್ಕೆ ಹೊಡೆಯಿತು.

"ಸಾವಕಾಶವ್ವಾ, ಸಾವಕಾಶ," ಅಂದರು ಪಂಚಾಕ್ಷರಪ್ಪನವರು ಬಾಗಿಲು ಹಿಡಿದುಕೊಂಡು.

ಅವರ ಹೆಗಲಿನ ಟವೆಲ್ ಹಾರಿ ರಸ್ತೆಯ ಪಕ್ಕದ ಬೇಲಿಗೆ ಸಿಕ್ಕಿಕೊಂಡಿತು. ನಿಲ್ಲಿಸು ಅಂತಾರೆ ಅಂದುಕೊಂಡೆ. ಅನ್ನಲಿಲ್ಲ. ತಿರುಗಿ ಅದನ್ನು ನೋಡಿ, ಮತ್ತೆ ಮುಂದಕ್ಕೆ ನೋಡುತ್ತ ಕೂತರು. ಆಮೇಲೆ ಸಾವಕಾಶ ಅನ್ನುವುದನ್ನೂ ಬಿಟ್ಟರು.

ಉಜ್ಜಿನಿಯಲ್ಲಿ ಗುಡಿಯ ಮುಂದೆ ಇಳಿದು, ಒಳಗೆ ಕೈಮುಗಿದು ಬಂದು, ಕಟ್ಟೆಯ ಮೇಲೆ ಕೂತೆವು. ಪಂಚಾಕ್ಷರಪ್ಪನವರ ಕಣ್ಣು ಕೆಂಪಾಗಿದ್ದವು. ಗಾಳಿಗೆ ಅನ್ನಬಹುದಿತ್ತು, ಅವರು ಹಾಗೆ ಅನ್ನಲಿಲ್ಲ.

"ಗಾಡಿಗೆ ವಯಸ್ಸಾತು, ಇನ್ನ ಎಳಿಯಂಗಿಲ್ಲ ಅಂತ ಎಲ್ಲರಿಗೂ ಹೇಳ್ಕೊಂತ ಬಂದೆ ಓಬಣ್ಣ. ಗಾಡಿಗೆ ಏನೂ ಆಗಿಲ್ಲ. ಅದು ಇನ್ನ ಹುಡುಗ ಐತಿ. ಮುಪ್ಪಾಗಿದ್ದು ನಾನು."

ಕ್ರಾಂತಿ ಅಂಗಡಿಯಿಂದ ಸೋಡಾ ತಂದಳು. ಅವರು ಕುಡಿದಾದ ಮೇಲೆ ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟಳು. "ಹೋಗಾಗ ನೀವ ಓಡಿಸ್ರಿ ಯಜಮಾನ್ರ. ಇಂಥಾ ಗಾಡಿ ಬಿಡಾಕ ಮನಸಿಲ್ಲಂದ್ರ ನಾ ಬೇಜಾರು ಮಾಡ್ಕೊಳ್ಳಂಗಿಲ್ಲ. ಓಡಿಸಿ ನೋಡಿ ಹೇಳ್ರಿ."

ಒಳ್ಳೆಯ ಹುಡುಗಿ. ಮಾರುವುದೇ ವಾಸಿ ಅನ್ನುತ್ತಿದ್ದ ನನ್ನ ಮನಸ್ಸೂ ಆಗ ತಿರುಗಿತು. ಇವರು ಒಂದು ಸಲ ನಾಲ್ಕನೇ ಗೇರಿಗೆ ಹಾಕಿಬಿಟ್ಟರೆ ಸಾಕು, ಗಾಡಿ ಉಳಿಯುತ್ತದೆ, ಮದುವೆ ಗಿದುವೆ ಎಲ್ಲ ಹಾಳಾಗಿ ಹೋಗಲಿ, ನಾವಿಬ್ಬರೂ ವಾರಕ್ಕೊಮ್ಮೆ ಹೊಸಪೇಟೆ ಕಡೆಗೆ ಹೋಗಿಬರೋಣ ಅಂತ ಆಸೆಪಟ್ಟೆ.

ಪಂಚಾಕ್ಷರಪ್ಪನವರು ಕೂತರು. ಊರು ದಾಟಿದರು. ಎರಡಕ್ಕೆ ಹಾಕಿದರು. ಕ್ರಾಂತಿ ಕೈ ತೋರಿಸಿ ಹೇಳಿಕೊಟ್ಟ ಮೇಲೆ ಮೂರಕ್ಕೂ ಹಾಕಿದರು. ಗಾಡಿ ಮುಂದಕ್ಕೆ ಚಿಮ್ಮಿತು. ರಸ್ತೆ ನೆಟ್ಟಗಿತ್ತು, ಎತ್ತಿನಗಾಡಿ ಇಲ್ಲ, ನಾಯಿ ಇಲ್ಲ, ನರಪಿಳ್ಳೆ ಇಲ್ಲ. ಆದರೂ ಆಕ್ಸಿಲರೇಟರಿನ ಮೇಲಿದ್ದ ಅವರ ಕಾಲು ತಾನಾಗಿ ಮೇಲೆದ್ದಿತು. ಮೂರರಿಂದ ಎರಡು, ಎರಡರಿಂದ ಒಂದು. ಗಾಡಿ ಮತ್ತೆ ಗೊಣಗುತ್ತ ನಡೆಯುವ ವೇಗಕ್ಕೆ ಬಂತು. ಹಿಂದಿನಿಂದ ಬಂದ ಟೆಂಪೋದವನು ಹಾರ್ನ್ ಬಾರಿಸಿ, ಬೈದು ಮುಂದೆ ಹೋದ.

ಬಹಳ ದೂರ ಹಾಗೆಯೇ ಸಾಗಿದೆವು. ಪಂಚಾಕ್ಷರಪ್ಪನವರ ಎಡಗಾಲು ಕ್ಲಚ್ಚಿನ ಮೇಲೆ ಅರ್ಧ ಇತ್ತು, ಕಣ್ಣು ಬಾನೆಟ್ಟಿನಿಂದ ಎರಡು ಮಾರು ಮುಂದೆ. ಅಲ್ಲಿ ಯಾರಿದ್ದಾರೆ ಅಂತ ನಾನೂ ಇಣುಕಿ ನೋಡಿದೆ. ಬರೀ ಡಾಂಬರು. ಆಮೇಲೆ ಹೊಳೆಯಿತು, ಅದು ಬ್ಯಾಂಡಿನವರು ನಡೆಯುವ ಜಾಗ. ನನಗೆ ಜಾಗ ಬಿಟ್ಟು ಓಡಿಸುತ್ತಿದ್ದರು. ನಾನು ಅವರ ಬೆನ್ನ ಹಿಂದೆಯೇ ಕೂತಿದ್ದೆ.

"ಸಾವ್ಕಾರ್ರ, ಮುಂದ ಯಾರೂ ಇಲ್ರಿ," ಅಂದೆ.

ಅವರು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು.

"ಗೊತ್ತೈತಿ. ಕಾಲಿಗೆ ಗೊತ್ತಿಲ್ಲ," ಅಂದರು.

"ಮಣಕಾಲು ನೋವೇನ್ರಿ?" ಅಂದಳು ಕ್ರಾಂತಿ.

"ನೋವಾಗಿದ್ರ ತಡಕೊಂತಿದ್ದೆನವ್ವಾ. ಸ್ವಲ್ಪ ಜೋರು ಬಂತಂದ್ರ ಯಾರೋ ಅಡ್ಡ ಬಂದಂಗ ಆಗ್ತೈತಿ. ಇನ್ನ ನನ್ನಿಂದ ಆಗಂಗಿಲ್ಲ."

ಬಾಗಿಲು ಹಿಡಿದು ನಿಧಾನ ಇಳಿದರು. ಗಾಡಿಯ ಮುಂದಿನಿಂದ ಸುತ್ತಿ ಬರುವಾಗ ಒಂದು ಕೈ ಬಾನೆಟ್ಟಿನ ಮೇಲೇ ಇತ್ತು. ಎಡಗಡೆಯ ಬಾಗಿಲಿಗೆ ಬಂದು ಕ್ರಾಂತಿಯನ್ನು ಇಳಿಸಿದರು.

"ಗಾಡಿ ನಿಂದವ್ವಾ. ಒಂದ ಮಾತು ಕೊಡು."

"ಏನ್ರಿ?"

"ಇದನ್ನ ಯಾರ ಮದುವಿಗೂ ಕೊಡಬ್ಯಾಡ. ಎಷ್ಟ ಹತ್ತಿರದೋರು ಬಂದು ಕೇಳಿದ್ರೂ ಕೊಡಬ್ಯಾಡ. ನಿನ್ನ ಮದುವಿ ಆದ್ರ, ಅದಕ್ಕೂ ಬ್ಯಾಡ. ನಡಕೊಂತ ಹೋಗು."

ಕ್ರಾಂತಿ ನಗಲಿಲ್ಲ. "ಕೊಡಂಗಿಲ್ರಿ ಯಜಮಾನ್ರ," ಅಂದು ಸ್ಟೇರಿಂಗಿನ ಹಿಂದೆ ಕೂತಳು. ಪಂಚಾಕ್ಷರಪ್ಪನವರು ಸೀಟಿಗೆ ಒರಗಿ ಕಾಲು ಚಾಚಿದರು. ಗಾಡಿ ನಾಲ್ಕನೇ ಗೇರಿಗೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.