ಬಿದ್ದ ಏಟು

ಕಳೆದ ವಾರ ನಾನಿರುವ ಹಾಸ್ಟೆಲಿನ ಅಡುಗೆಯಾಕೆ ಕಾಲು ಉಳುಕಿಸಿಕೊಂಡು, ಹುಣಸೆ ಸೊಪ್ಪಿಗೆ ಉಪ್ಪು ಹಾಕಿ ಬೇಯಿಸುತ್ತಿದ್ದರು. ಬಾವು ಇಳಿಯಲೆಂದು ಬಟ್ಟೆಯಲ್ಲಿ ಬಿಸಿಬಿಸಿಯಾಗಿ ಕಟ್ಟುವ ಸೊಪ್ಪು. ಆ ಹುಳಿ ಹಬೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದಾಗ ನಾನು ಶಾಲೆಯ ಹುಡುಗಿಯರ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಪೆನ್ನು ಕೆಳಗಿಟ್ಟೆ. ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯಿಂದ ಆಗಾಗ ಇದೇ ವಾಸನೆ ಬರುತ್ತಿತ್ತು. ಅಲ್ಲಿ ಯಾರೂ ಕಾಲು ಉಳುಕಿಸಿಕೊಳ್ಳುತ್ತಿರಲಿಲ್ಲ.

ಆ ಮನೆಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ವೀರನಹೊಸಹಳ್ಳಿ ಕಡೆಯ ಕಾಡಿನಿಂದ ಮರದ ದಿಮ್ಮಿಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹುಣಸೂರಿನ ಡಿಪೋಗೆ ತರುತ್ತಿದ್ದ. ನನ್ನ ತಂದೆ ಆ ದಿಮ್ಮಿಗಳ ಅಳತೆ ಬರೆದುಕೊಳ್ಳುವ ಗುಮಾಸ್ತರು. ಎರಡು ಹಿತ್ತಿಲುಗಳ ನಡುವೆ ಆಳೆತ್ತರದ ಮಣ್ಣಿನ ಗೋಡೆಯಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರೆ ಮಾತ್ರ ಆಚೆಯದು ಕಾಣುತ್ತಿತ್ತು, ಕೇಳುವುದಕ್ಕೆ ಹತ್ತಬೇಕಾಗಿರಲಿಲ್ಲ. ಗಾಡಿಯವನು ಎತ್ತುಗಳನ್ನು ಹೊಡೆಯುತ್ತಿದ್ದುದು ಕಡಿಮೆ. ಎತ್ತು ಕುಂಟಿದರೆ ಬಾಡಿಗೆ ತಪ್ಪುತ್ತದೆ. ಹೆಂಡತಿಯ ವಿಷಯದಲ್ಲಿ ಅಂಥ ಲೆಕ್ಕಾಚಾರ ಅವನಿಗಿರಲಿಲ್ಲ.

ಅವಳೂ ಸುಮ್ಮನಿರುವವಳಲ್ಲ. ಬೀದಿಯ ಬಾವಿಯ ಬಳಿ ಸರದಿ ತಪ್ಪಿಸಿದ ಹೆಂಗಸೊಬ್ಬಳ ನೆತ್ತಿಗೆ ಬಿಂದಿಗೆಯಿಂದಲೇ ಹೊಡೆದು ಬಂದವಳು. ಗಂಡನ ಮುಂಗೈಯಲ್ಲಿ ಅವಳ ಹಲ್ಲಿನ ಗುರುತಿತ್ತು. ಅದನ್ನು ಅವನು ಡಿಪೋದಲ್ಲಿ ನಾಯಿ ಕಚ್ಚಿದ್ದು ಎಂದು ಹೇಳಿಕೊಂಡಿದ್ದನಂತೆ. ಅಪ್ಪನಿಂದ ಕೇಳಿದ್ದನ್ನು ನಾನು ಹೇಳಿದಾಗ ಅವಳು ಊದಿದ ತುಟಿಯಲ್ಲೇ ನಕ್ಕಳು.

“ಸದ್ಯ ನಾಯಿ ಅಂದ್ನಲ್ಲ. ಎಂಡ್ರು ಅಂದಿದ್ರೆ ಅವ್ನ ಮಾನ ಓಗ್ತಿತ್ತು.”

ನಾನಾಗ ಎಂ.ಎ. ಪ್ರಬಂಧ ಬರೆಯುತ್ತಿದ್ದೆ. ಯುದ್ಧದ ಕಾಲ, ಮೈಸೂರಿನಲ್ಲಿ ಪಾಠಗಳು ಮುಗಿದ ಮೇಲೆ ಊರಿಗೆ ಬಂದು ಬರೆದು ಮುಗಿಸುವುದೆಂದು ಏರ್ಪಾಡಾಗಿತ್ತು. ವಿಷಯ ಮೊದಲು ಒಕ್ಕಲುತನದ ಕ್ರಿಯಾಪದಗಳು ಎಂದಿತ್ತು. ತೆನೆ ಬಡಿಯುವುದು, ಭತ್ತ ಕುಟ್ಟುವುದು, ನಾರು ಜಜ್ಜುವುದು... ಪದಗಳನ್ನು ಕಲೆಹಾಕುತ್ತ ಹೋದಂತೆ ಇವೇ ಪದಗಳು ಗೋಡೆಯಾಚೆಯಿಂದಲೂ ಬರುತ್ತಿವೆ ಎಂದು ಹೊಳೆಯಿತು. ಒಂದೇ ಕ್ರಿಯಾಪದ ತೆನೆಗೂ ಹೆಂಗಸಿಗೂ ಹೇಗೆ ಒದಗುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬುದೇ ನನ್ನ ವಿಷಯವಾಯಿತು. ನನ್ನ ಪ್ರಾಧ್ಯಾಪಕರು ಕಿಟಕಿಯಾಚೆ ನೋಡುತ್ತ ಆಗಲಿ ಎಂದರು.

ಬರೆದದ್ದನ್ನು ಸಮರ್ಥಿಸಿಕೊಳ್ಳಲು ಮೌಖಿಕ ಪರೀಕ್ಷೆಯಿತ್ತು. ಅಧ್ಯಾಪಕರ ಮುಂದೆ ನಿಂತರೆ ನನಗೆ ಮಾತು ಹೊರಡುತ್ತಿರಲಿಲ್ಲ. ಅಕ್ಕನಿಗೆ ಇದು ತಿಳಿದು, ಮಧ್ಯಾಹ್ನದ ಹೊತ್ತು ನಮ್ಮ ಹಿತ್ತಿಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಪರೀಕ್ಷಕರಂತೆ ಕಾಲು ಮಡಚಿ ಕೂರತೊಡಗಿದಳು.

“ಯೋಳವ್ವ, ತಟ್ಟೋದ್ಕೂ ಗುದ್ದೋದ್ಕೂ ಏನ್ ಯತ್ವಾಸ?”

ನಾನು ಹೇಳಿದೆ.

“ದನಿ ಗಂಟ್ಲಿಂದ ಈಚಿಗೇ ಬರ್ನಿಲ್ಲ. ಯಾರ್ಗೆ ಯೋಳ್ತಿದ್ದೀಯೆ, ನಿನ್ ಸೆರಗ್ಗಾ?”

ಮತ್ತೆ ಹೇಳಿದೆ. ತಟ್ಟುವುದು ಅಂಗೈಯಿಂದ, ರೊಟ್ಟಿಗೂ ಕೂಸಿಗೂ ಸಲ್ಲುತ್ತದೆ. ಗುದ್ದುವುದಕ್ಕೆ ಮುಷ್ಟಿ ಬೇಕು. ಬಾರಿಸುವುದು ಕೆನ್ನೆಗೆ, ಮೊಟಕುವುದು ತಲೆಗೆ. ಬಡಿಯುವುದಕ್ಕೂ ಚಚ್ಚುವುದಕ್ಕೂ ಇರುವ ಅಂತರವನ್ನು ಮಾತ್ರ ನಾನು ಮೂರು ಪುಟ ಬರೆದು ಹರಿದಿದ್ದೆ. ಅವಳನ್ನೇ ಕೇಳಿದೆ.

“ಬಡಿಯೋದ್ಕೆ ಕ್ವಾಪ ಸಾಕು ಅಮ್ಮಣ್ಣಿ,” ಎಂದಳು. “ಚಚ್ಚೋದ್ಕೆ ಪುರುಸೊತ್ತು ಬೇಕು.”

ಇನ್ನೊಂದು ದಿನ ಅವಳೇ ಕೇಳಿದಳು. “ಅಲ್ಲ, ಆ ದೊಡ್ ಮನುಸ್ರು ನಿಂಗೇನ್ ಮಾಡ್ತಾರೆ?”

“ನಾನು ಬರೆದದ್ದು ತಪ್ಪು ಅಂತ ವಾದ ಮಾಡ್ತಾರೆ ಅಕ್ಕ. ಸರಿ ಅಂತ ನಾನು ತೋರಿಸಬೇಕು.”

“ಕೈ ಎತ್ತಾಕಿಲ್ವಾ?”

“ಇಲ್ಲ.”

“ಮತ್ಯಾಕ್ ನಡುಗ್ತೀಯೆ?”

ಪರೀಕ್ಷೆಯ ದಿನ ಗೊತ್ತಾಗಿ ಪ್ರಾಧ್ಯಾಪಕರ ಕಾಗದ ಬಂತು. ಮದರಾಸಿನಿಂದ ಹೊರಗಿನ ಪರೀಕ್ಷಕರು ಬರುವವರಿದ್ದರು. ಅಪ್ಪನಿಗೆ ರಜೆ ಸಿಗುವಂತಿರಲಿಲ್ಲ. ಮದುವೆಯಾಗದ ಹುಡುಗಿ ಒಬ್ಬಳೇ ಹೋಗುವಂತಿರಲಿಲ್ಲ. ತಾನು ಜೊತೆಗೆ ಹೋಗುತ್ತೇನೆಂದು ಅಕ್ಕ ಮುಂದೆ ಬಂದಳು. ಅಮ್ಮ ಮುಖ ಸಿಂಡರಿಸಿದರು. ಅಪ್ಪ ಗಾಡಿಯವನನ್ನು ಕರೆದು ಕೇಳಿದಾಗ, ಡಿಪೋದ ಗುಮಾಸ್ತರಿಗೆ ಇಲ್ಲ ಎನ್ನಲಾಗದೆ ಅವನು ಕೈಮುಗಿದ. “ಕರ್ಕೊಂಡೋಗ್ಲಿ ಸ್ವಾಮಿ, ಎಲ್ಡ್ ದಿನ ತಾನೆ.”

ಅವಳು ಹಿಂತಿರುಗುವವಳಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಮೈಸೂರಿನಲ್ಲಿ ಅವಳ ತಂಗಿ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದಳು. ಅಕ್ಕನಿಗೂ ಅಲ್ಲೇ ಕೆಲಸ ಹೇಳಿಟ್ಟಿದ್ದಳು. ನನ್ನನ್ನು ಪರೀಕ್ಷೆಗೆ ಬಿಟ್ಟು ಅವಳು ತಂಗಿಯ ಮನೆ ಸೇರುವುದು, ನಾನು ಬೇರೆ ಜೊತೆ ಹುಡುಕಿಕೊಂಡು ಊರಿಗೆ ಮರಳುವುದು ಎಂದು ಮಾತಾಗಿತ್ತು. ಹಾಗಾಗಿ ನಾವಿಬ್ಬರೂ ಒಂದೇ ದಿನಾಂಕಕ್ಕೆ ಸಿದ್ಧರಾಗುತ್ತಿದ್ದೆವು. ನಾನು ಪುಟಗಳನ್ನು ಓದುತ್ತಿದ್ದೆ. ಅವಳು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಎರಡು ಸೀರೆಗಳ ಗಂಟು ಕಟ್ಟಿಟ್ಟಿದ್ದಳು.

ಹೊರಡುವ ಹಿಂದಿನ ದಿನ ತಂತಿ ಬಂತು. ಮದರಾಸಿನ ಪರೀಕ್ಷಕರ ಮಗಳ ಮದುವೆ ನಿಶ್ಚಯವಾಗಿದೆ, ಪರೀಕ್ಷೆ ಮುಂದಕ್ಕೆ ಹೋಗಿದೆ, ದಿನವನ್ನು ಆಮೇಲೆ ತಿಳಿಸಲಾಗುವುದು. ನಾನು ಕಲ್ಲಿನ ಮೇಲೆ ಹತ್ತಿ ಹೇಳಿದೆ. ಅವಳು ಕೇರುತ್ತಿದ್ದ ಮೊರ ಹಾಗೇ ನಿಂತಿತು.

“ಮದ್ವೆಯಾ? ಆಗ್ಲಿ ಬುಡು,” ಎಂದಳು. “ಅಳಿಯ ಒಳ್ಳೇವ್ನಾ ಅಂತ ಇಚಾರುಸ್ಕಂಡವ್ರಾ?”

ಆಮೇಲೆ ಅವಳು ಹಿತ್ತಿಲ ಮೂಲೆಯ ಖಾಲಿ ಗೂಟವನ್ನು ನೋಡಿದಳು. ಅವಳಿಗೆ ಒಂದು ಮೇಕೆಯಿತ್ತು. ತಾನು ಹೋದ ಮೇಲೆ ಅದಕ್ಕೆ ಸೊಪ್ಪು ಹಾಕುವವರಿಲ್ಲವೆಂದು ಹಿಂದಿನ ಸಂತೆಯ ದಿನವೇ ಕಂಪಲಾಪುರದ ಅಣ್ಣನ ಮನೆಗೆ ಹೊಡೆಸಿಬಿಟ್ಟಿದ್ದಳು. ಗಾಡಿಯವನು ಅದಕ್ಕೂ ಮೊದಲೇ ಕಾಡಿಗೆ ಹೋಗಿದ್ದ. ತಂತಿಯ ಮರುದಿನ ಮನೆಗೆ ಬಂದ.

ಎರಡು ದಿನದ ಪ್ರಯಾಣಕ್ಕೆ ಯಾರೂ ಮೇಕೆಯನ್ನು ತವರಿಗೆ ಅಟ್ಟುವುದಿಲ್ಲ. ಗೂಟ ನೋಡಿದ ಕೂಡಲೇ ಅವನಿಗೆ ಎಲ್ಲವೂ ತಿಳಿದಿರಬೇಕು. ನೆತ್ತಿಯ ಮೇಲೆ ಬಿಸಿಲಿತ್ತು. ನಾನು ಹಿತ್ತಿಲಲ್ಲಿ ಕೂದಲು ಒಣಗಿಸುತ್ತಿದ್ದೆ. “ಆಡೆಲ್ಲಿ?” ಎಂದು ಅವನು ಕೇಳಿದ್ದು ಕೇಳಿಸಿತು. ಅವಳು ಏನೋ ಹೇಳಿದಳು... ಅದು ಕೇಳಿಸಲಿಲ್ಲ.

ಆಮೇಲೆ ಬಂದ ಪ್ರತಿ ಸದ್ದಿಗೂ ನನ್ನ ಬಳಿ ಒಂದು ಕ್ರಿಯಾಪದವಿತ್ತು. ಮೊದಲನೆಯದು ಕೆನ್ನೆಗೆ ಬಾರಿಸಿದ್ದು. ಆಮೇಲೆ ಬೆನ್ನಿಗೆ ಗುದ್ದಿದ್ದು. ನೆಲಕ್ಕೆ ಕುಕ್ಕಿದ್ದು. ಒದ್ದದ್ದು. ಬಾರುಕೋಲಿನ ಹಿಡಿಯಿಂದ ಬಡಿದದ್ದು. ಅವಳು ಎಂದಿನಂತೆ ಬೈಯುತ್ತಿದ್ದವಳು ನಡುವೆ ಎಲ್ಲೋ ಬೈಯುವುದನ್ನು ನಿಲ್ಲಿಸಿದಳು. ಏಟು ಏಟಿನ ನಡುವೆ ಅಂತರ ಹೆಚ್ಚತೊಡಗಿತು. ಅವನಿಗೆ ಪುರುಸೊತ್ತು ಸಿಕ್ಕಿತ್ತು. ಅಮ್ಮ ಬಂದು ನನ್ನ ರಟ್ಟೆ ಹಿಡಿದು ಒಳಕ್ಕೆ ಎಳೆದರು. ಅಷ್ಟರಲ್ಲಿ ಬೇರೆಯದೊಂದು ಸದ್ದು ಬಂತು, ತೆಂಗಿನಕಾಯಿಯನ್ನು ಗೋಣಿಯಲ್ಲಿ ಸುತ್ತಿ ಕಲ್ಲಿಗೆ ಹಾಕಿದಂಥದ್ದು. ಅದಕ್ಕೆ ನನ್ನ ಬಳಿ ಪದವಿರಲಿಲ್ಲ. ಮತ್ತೆ ಅದೇ ಸದ್ದು. ಮತ್ತೆ.

ನಾನು ಅಮ್ಮನಿಂದ ಬಿಡಿಸಿಕೊಂಡು ಕಲ್ಲು ಹತ್ತಿದೆ. ಗಾಡಿಯವನು ಒರಳಿನ ಪಕ್ಕ ಬೋರಲಾಗಿದ್ದ. ಒಂದು ಕಾಲು ಮಣ್ಣನ್ನು ಕೆರೆಯುತ್ತಿತ್ತು. ಅಕ್ಕ ಒನಕೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಳು, ಭತ್ತ ಕುಟ್ಟುವಾಗ ಹಿಡಿಯುವಂತೆ, ನೇರವಾಗಿ. ಅವಳ ಒಂದು ಕಣ್ಣು ಮುಚ್ಚಿಹೋಗಿತ್ತು. ಗಲ್ಲದಿಂದ ರಕ್ತ ಸೆರಗಿಗೆ ಇಳಿಯುತ್ತಿತ್ತು. ಒನಕೆ ಇಳಿಯಿತು. ಕಾಲು ಕೆರೆಯುವುದು ನಿಂತಿತು. ಆಮೇಲೆ ಅವಳು ತಲೆಯೆತ್ತಿ ನನ್ನನ್ನು ಕಂಡಳು.

“ಒಳೀಕೋಗು ಅಮ್ಮಣ್ಣಿ,” ಎಂದಳು. ದನಿಯಲ್ಲಿ ನಡುಕವಿರಲಿಲ್ಲ. “ನೀನೇನೂ ಕಂಡಿಲ್ಲ.”

ಪೊಲೀಸರು ಬರುವ ಹೊತ್ತಿಗೆ ಬೀದಿಯವರು ಒಂದು ಮಾತಿಗೆ ಬಂದಿದ್ದರು. ಯಾರೂ ಕೂತು ಚರ್ಚಿಸಲಿಲ್ಲ. ಎದುರು ಮನೆಯ ಅಜ್ಜಿ ಇನ್‌ಸ್ಪೆಕ್ಟರಿಗೆ, “ಕುಡ್ದಿದ್ದ, ಒರಳ್ ಮ್ಯಾಲೆ ಬಿದ್ದ ಕಣ್ರಪ್ಪ,” ಎಂದಳು. ಬಿದ್ದ ಎಂದು ಮುಂದಿನವರೂ ಅಂದರು. ಬಿಂದಿಗೆಯಲ್ಲಿ ಏಟು ತಿಂದವಳೂ ಬಿದ್ದ ಎಂದೇ ಅಂದಳು. ನನ್ನನ್ನು ಕೇಳಿದಾಗ ಸದ್ದು ಕೇಳಿಸಿತು ಎಂದಷ್ಟೇ ಹೇಳಿದೆ. ಇನ್‌ಸ್ಪೆಕ್ಟರು ಒನಕೆಯ ತುದಿಯನ್ನು ನೋಡಿ, ಬೀದಿಯನ್ನು ನೋಡಿ, ಅವಳಿಗೆ ಕೋಳ ಹಾಕಿಸಿದರು.

ಅವಳನ್ನು ಮೈಸೂರಿಗೆ ಕರೆದೊಯ್ದದ್ದು ನಾವಿಬ್ಬರೂ ಹತ್ತಬೇಕಾಗಿದ್ದ ಬಸ್ಸಿನಲ್ಲೇ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವಂಥದ್ದು. ದಾರಿಯ ಏರಿನಲ್ಲಿ ಬಸ್ಸು ನಿಂತು, ಜನರೆಲ್ಲ ಇಳಿದು ತಳ್ಳಬೇಕಾಯಿತಂತೆ. ಅವಳೂ ಇಳಿದು ಕೋಳದ ಕೈಯಲ್ಲೇ ತಳ್ಳಿದಳು ಎಂದು ಕಂಡಕ್ಟರು ಅಪ್ಪನಿಗೆ ಹೇಳಿದ.

ನನ್ನ ಪರೀಕ್ಷೆಗೆ ಹೊಸ ದಿನ ಬಂದಾಗ ಅವಳಿನ್ನೂ ವಿಚಾರಣೆಯ ಕೈದಿ. ಗಲ್ಲಾಗುತ್ತದೆ ಎಂದು ಕೆಲವರು, ಬಿಟ್ಟುಬಿಡುತ್ತಾರೆ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ಅಪ್ಪ ಹೇಗೋ ರಜೆ ಮಾಡಿಕೊಂಡು ನನ್ನ ಜೊತೆ ಬಂದರು. ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ಮದರಾಸಿನವರು ಮೃದು ಮಾತಿನ ವೃದ್ಧರು. ಮಗಳ ಮದುವೆಯಿಂದಾದ ತೊಂದರೆಗೆ ಕ್ಷಮೆ ಕೇಳಿದರು. ನನ್ನ ದನಿ ಆ ದಿನ ಕೋಣೆಯ ಕೊನೆಯವರೆಗೂ ಕೇಳಿಸುತ್ತಿತ್ತು ಎಂದು ಪ್ರಾಧ್ಯಾಪಕರು ಆಮೇಲೆ ಹೇಳಿದರು. ನನಗೆ ಅದರ ಅರಿವಿರಲಿಲ್ಲ.

ಕೊನೆಗೆ ಮದರಾಸಿನವರು ಕನ್ನಡಕ ತೆಗೆದು ಕೇಳಿದರು: “ನೋಡಮ್ಮ, ಬಡಿ, ಚಚ್ಚು, ಸಾಯಬಡಿ... ಈ ಕ್ರಿಯಾಪದಗಳಿಗೆ ನೀವು ಕೊಟ್ಟಿರುವ ವಾಕ್ಯಗಳಲ್ಲೆಲ್ಲ ಗಂಡಸು ಕರ್ತೃ. ಹೆಂಗಸು ಕರ್ತೃವಾಗಿ ಗಂಡಸು ಕರ್ಮವಾದದ್ದು ಒಂದೂ ಇಲ್ಲ. ಇದು ಭಾಷೆಯ ನಿಯಮವೋ, ನಿಮ್ಮ ಸಂಗ್ರಹದ ಕೊರತೆಯೋ?”

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಅದು ನಾನು ಗೋಡೆಯ ಮೇಲಿನಿಂದ ಕಣ್ಣಾರೆ ಕಂಡ ಉತ್ತರ. ಕೋಣೆಯ ಹೊರಗೆ ಅಪ್ಪ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿಂದ ಜೈಲು ಬಹಳ ದೂರವಿರಲಿಲ್ಲ.

“ನಿಯಮವಲ್ಲ ಸರ್,” ಎಂದೆ. “ನನ್ನ ಸಂಗ್ರಹದ ಕೊರತೆ.”

“ಮುಂದೆ ಸಿಕ್ಕರೆ ಸೇರಿಸಿಕೊಳ್ಳಿ,” ಎಂದು ಅವರು ಪುಸ್ತಕ ಮುಚ್ಚಿದರು. ನಾನು ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದೆ.

ಕೇಸು ನಡೆದಾಗ ಬೀದಿಯ ಸಾಕ್ಷಿಗಳೆಲ್ಲ ಹೇಳಿದ್ದನ್ನೇ ಹೇಳಿದರು. ಅಪ್ಪ ನ್ಯಾಯಾಲಯದಲ್ಲಿದ್ದರು. ಬಿಡುಗಡೆಯಾಗುವ ಹಾಗೆಯೇ ಇತ್ತಂತೆ. ನಿನ್ನದೇನಾದರೂ ಹೇಳುವುದಿದೆಯೇ ಎಂದು ಜಡ್ಜರು ಕೇಳಿದಾಗ ಅವಳು ಎದ್ದುನಿಂತು, “ಬೀಳ್ನಿಲ್ಲ ಸ್ವಾಮಿ. ನಾನೇ ಬಡುದೆ,” ಎಂದಳು. ಮನೆಗೆ ಬಂದ ಅಪ್ಪ ಶರಟು ಬಿಚ್ಚದೆ ಬಹಳ ಹೊತ್ತು ಕೂತಿದ್ದರು. “ಬದುಕಿಕೊಳ್ಳಬಹುದಿತ್ತು,” ಎಂದರು, ಸಿಟ್ಟಿನಿಂದ. ಅವಳ ಮೈಮೇಲಿನ ಗಾಯಗಳನ್ನು ನೋಡಿ ಜಡ್ಜರು ಗಲ್ಲು ತಪ್ಪಿಸಿ ದೀರ್ಘ ಶಿಕ್ಷೆ ಕೊಟ್ಟರು.

ಮೈಸೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಜೈಲಿಗೆ ಹೋಗಿ ಅವಳನ್ನು ಕಂಡೆ. ಮುಚ್ಚಿಹೋಗಿದ್ದ ಕಣ್ಣು ಪೂರ್ತಿ ತೆರೆದುಕೊಂಡಿರಲಿಲ್ಲ. ಮೈ ತುಂಬಿಕೊಂಡಿತ್ತು. ಪಾಸಾದೆಯಾ, ಏನು ಕೇಳಿದರು ಎಂದು ಅವಳೇ ಮೊದಲು ವಿಚಾರಿಸಿದಳು. ನಾನು ಆ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಹೇಳಿದೆ. ಕಾವಲಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ಅಕ್ಕ ನಕ್ಕಳು.

“ಅಯ್ಯೋ ಪೆದ್ದೇ, ನನ್ನೆಸ್ರು ಯೋಳಿದ್ರೆ ಮೊದ್ಲುನೇ ಕಲಾಸು ಕೊಡ್ತಿದ್ರೇನೋ.”

ಯಾಕೆ ಒಪ್ಪಿಕೊಂಡೆ ಅಕ್ಕ, ಎಂದೆ. ಅವಳು ಸರಳನ್ನು ಹಿಡಿದುಕೊಂಡಳು.

“ಎಲ್ರೂ ಬಿದ್ದ, ಬಿದ್ದ ಅಂದ್ರಲ್ಲ. ಅಷ್ಟ್ ವರ್ಸ ನಂಗೂವೆ ಅಂಗೇ ಅಂದ್ರು ಕಣವ್ವ, ಪಾಪ ಏಟು ಬಿತ್ತು, ಇವತ್ತೂ ಏಟು ಬಿತ್ತು ಅಂತ. ಮಳೆ ಬಿದ್ದಂಗೆ. ಒಡುದೋರು ಯಾರೂ ಇಲ್ದಂಗೆ. ಇದೊಂದ್ ಏಟಾದ್ರೂ ಯಾರ್ದು ಅಂತ ಇರ್ಲಿ ಬುಡು ಅನ್ನುಸ್ತು.”

ನನ್ನ ಪ್ರಬಂಧದಲ್ಲಿ ಬೀಳು ಎಂಬ ಕ್ರಿಯಾಪದವೇ ಇರಲಿಲ್ಲ. ಹೊಡೆತದ ಪದ ಅದು ಎಂದು ನನಗೆ ತೋಚಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಜೈಲಿನಲ್ಲಿ ಆಮಶಂಕೆ ಹಬ್ಬಿ ಹಲವರು ಸತ್ತರು. ಅವಳೂ ಹೋದಳು. ನನಗೆ ತಿಳಿದದ್ದು ಭೇಟಿಯ ದಿನ ಬಾಗಿಲಲ್ಲಿ ಅವಳಿಗಾಗಿ ಕಾಯುತ್ತ ನಿಂತಿದ್ದಾಗ. ತಂಗಿ ಬಂದು ಮಣ್ಣು ಮಾಡಿಸಿದ್ದಳಂತೆ. ಎಲ್ಲಿ ಎಂದು ಕೇಳಿದೆ. ಕಾವಲಿನವರಿಗೆ ಗೊತ್ತಿರಲಿಲ್ಲ... ನಾನೂ ಆಮೇಲೆ ಹುಡುಕಿಕೊಂಡು ಹೋಗಲಿಲ್ಲ. ಹೋಗಿ ಏನು ಮಾಡುವುದೆಂದು ತಿಳಿಯಲಿಲ್ಲ.

ಈಗ ಪ್ರಬಂಧ ಅಚ್ಚಾಗುತ್ತಿದೆ. ಬೀಳು ಎಂಬುದಕ್ಕೆ ಒಂದು ಅಧ್ಯಾಯ ಸೇರಿಸಿದ್ದೇನೆ. ಬಡಿ ಎಂಬಲ್ಲಿ, ಹೆಂಗಸು ಕರ್ತೃವಾದ ವಾಕ್ಯವಾಗಿ, ಅವಳು ಜಡ್ಜರಿಗೆ ಹೇಳಿದ್ದನ್ನು ಹೆಸರಿಲ್ಲದೆ ಹಾಕಿದ್ದೇನೆ. ಆ ವಾಕ್ಯವನ್ನು ನಾನು ಸ್ವತಃ ಕೇಳಿದವಳಲ್ಲ. ‘ಬಡುದೆ’ ಎಂದಳೋ, ದೊಡ್ಡವರ ಮುಂದೆ ನಿಂತೆನೆಂದು ‘ಬಡಿದೆ’ ಎಂದು ತಿದ್ದಿ ಆಡಿದಳೋ? ಅಪ್ಪನನ್ನು ಕೇಳಿದರೆ ಒಮ್ಮೆ ಹಾಗೆ ಅನ್ನುತ್ತಾರೆ, ಒಮ್ಮೆ ಹೀಗೆ. ಕರಡನ್ನು ನಾಳೆ ಹಿಂತಿರುಗಿಸಬೇಕು. ಒಂದು ಅಕ್ಷರ ಬಿಟ್ಟು ಉಳಿದೆಲ್ಲ ತಿದ್ದಿಯಾಗಿದೆ. ಆ ಅಕ್ಷರ ಯಾವುದೆಂದು ಯಾರನ್ನು ಕೇಳಬೇಕೋ ಅವಳು ಇಲ್ಲ.